ಮಳೆಗೆ ಮೊದಲು ಮಾಡು ನೋಡು

ಬೆಂಗಳೂರಿನ ಫ್ಲ್ಯಾಟು ಬಿಟ್ಟು ಅಜ್ಜನ ಕಾಲದ ಹೆಂಚಿನ ಮನೆಗೆ ಬಂದು ಕೂತಿದ್ದೀಯಲ್ಲ, ಬಹಳ ಸಂತೋಷ ಮಾರಾಯ್ತಿ. ಅಲ್ಲಾದರೆ ಏನು ಕೆಟ್ಟರೂ ಅಸೋಸಿಯೇಷನ್ನಿನವರಿಗೆ ಒಂದು ಫೋನು ಮಾಡಿದರೆ ಮುಗಿಯುತ್ತಿತ್ತು. ಇಲ್ಲಿ ಮಾಡು, ಗೋಡೆ, ಅಂಗಳ, ಚರಂಡಿ, ಮನೆ ಹಿಂದಿನ ಧರೆ ಎಲ್ಲವೂ ನಿನ್ನ ತಲೆಗೇ. ಹೆದರಬೇಡ. ಮಲೆನಾಡಿನ ಮನೆಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ನೀರೇ ಕಾರಣ. ಮಾಡಿನ ನೆತ್ತಿಗೆ ಬಿದ್ದ ಹನಿ ತೋಟದ ಬಸಿಗಾಲುವೆ ಸೇರುವ ತನಕ ಎಲ್ಲೂ ನಿಲ್ಲದೆ, ಎಲ್ಲೂ ಒಳನುಗ್ಗದೆ ಹೋದರೆ ರಿಪೇರಿಯ ಮುಕ್ಕಾಲು ಪಾಲು ಮುಗಿದಂತೆ. ಆದ್ದರಿಂದ ಮೊದಲು ನೀರಿನ ದಾರಿ ನೋಡು, ಆಮೇಲೆ ಸುತ್ತಿಗೆ ಹಿಡಿ.

ಎಷ್ಟು ನೀರು ಅಂತ ಒಂದು ಅಂದಾಜು ಇರಲಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ನಿನ್ನ ಮಾಡು ಸಾವಿರ ಚದರಡಿ ನೆಲ ಮುಚ್ಚುತ್ತದೆ ಅಂತಿಟ್ಟುಕೋ, ಅಂದರೆ ಸುಮಾರು 93 ಚದರ ಮೀಟರ್. ಆಗುಂಬೆ, ಹೊಸನಗರದ ಕಡೆ ಜುಲೈಯಲ್ಲಿ ಒಂದೇ ದಿನ 100 ಮಿ.ಮೀ. ಹೊಯ್ದರೆ ಯಾರೂ ಅದನ್ನು ದೊಡ್ಡ ಸುದ್ದಿ ಅನ್ನುವುದಿಲ್ಲ. ಅಂಥ ಒಂದು ದಿನ ನಿನ್ನ ಮಾಡಿನಿಂದ ಇಳಿಯುವ ನೀರು 9,300 ಲೀಟರ್. ಅಷ್ಟು ನೀರಿಗೆ ನೀನು ದಾರಿ ತೋರಿಸದಿದ್ದರೆ ಅದು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ, ಮತ್ತೆ ಆ ದಾರಿ ನಿನ್ನ ಅಡುಗೆಮನೆ ಮೇಲೇ ಹಾಯಬಹುದು.

ಕೆಲಸಕ್ಕೆ ಗಡುವು ಹಾಕಿಕೊಳ್ಳುವುದಕ್ಕೆ ನಮ್ಮ ಮಳೆ ನಕ್ಷತ್ರಗಳೇ ಸಾಕು. ಕೃತ್ತಿಕೆ ಹುಟ್ಟುವುದು ಮೇ 11ರ ಆಸುಪಾಸು, ರೋಹಿಣಿ 25ರ ಆಸುಪಾಸು, ಮೃಗಶಿರೆ ಜೂನ್ 8ರ ಆಸುಪಾಸು. ಮಾಡಿನ ಕೆಲಸ ಕೃತ್ತಿಕೆ ಕಳೆಯುವುದರೊಳಗೆ ಮುಗಿಯಲಿ. ರೋಹಿಣಿಯಲ್ಲಿ ಚರಂಡಿ, ಅಂಗಳ, ಸೌದೆ. ಮೃಗಶಿರೆ ಕಾಲಿಟ್ಟ ಮೇಲೆ ಮಾಡು ಹತ್ತುವ ಮಾತೇ ಬೇಡ. ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ ಅಂತ ಗಾದೆ ಇದೆಯಲ್ಲ, ಆಗ ಹೆಂಚಿನ ಮೇಲೆ ಹಾವಸೆ ಹಿಡಿದಿರುತ್ತದೆ, ಕಾಲಿಟ್ಟರೆ ಕೆಳಗೇ.

ಮಾಡು ನೋಡಬೇಕಾದದ್ದು ಹೊರಗಿನಿಂದಲ್ಲ, ಅಟ್ಟದಿಂದ. ಬಿಸಿಲು ಜೋರಾಗಿರುವ ಮಧ್ಯಾಹ್ನ ಅಟ್ಟ ಹತ್ತು, ದೀಪ ಹಾಕಬೇಡ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಸುಮ್ಮನೆ ಕೂತಿರು. ಒಡಕು ಹೆಂಚು, ಸರಿದ ಹೆಂಚು ಇದ್ದಲ್ಲೆಲ್ಲ ಬೆಳಕಿನ ಚುಕ್ಕಿ, ಗೆರೆ ಕಾಣುತ್ತವೆ. ಅದರ ಕೆಳಗಿನ ರೀಪಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕು. ಇನ್ನೊಂದು ಸೂಕ್ಷ್ಮ ಇದೆ. ಮನೆಯೊಳಗೆ ಹನಿ ಬೀಳುವ ಜಾಗದ ನೇರ ಮೇಲೇ ಒಡಕು ಇರಬೇಕೆಂದಿಲ್ಲ. ಒಳಬಂದ ನೀರು ಪಕಾಸಿನ ಹೊಟ್ಟೆ ಹಿಡಿದು ಇಳಿಜಾರಿನಲ್ಲಿ ಹರಿದು, ಎಲ್ಲೋ ಗಂಟು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಮರದ ಮೇಲಿನ ಕಪ್ಪು ಗೆರೆ ಹಿಡಿದು ಮೇಲಕ್ಕೆ ಹೋಗು, ಕಳ್ಳ ಅಲ್ಲಿ ಸಿಗುತ್ತಾನೆ. ಇದನ್ನು ನೋಡದೆ ಹನಿ ಬಿದ್ದಲ್ಲೆಲ್ಲ ಹೆಂಚು ಬದಲಿಸುತ್ತಾ ಹೋದರೆ ಹೆಂಚೂ ದಂಡ, ಕೂಲಿಯೂ ದಂಡ.

ಹೆಂಚು ತರುವ ಮೊದಲು ಹಳೆಯದೊಂದನ್ನು ತಿರುವಿ ನೋಡು. ಬೆನ್ನಿನಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕಡೆ ಎಷ್ಟೋ ಕಾರ್ಖಾನೆಗಳು ಹುಟ್ಟಿಕೊಂಡವು. ನೋಡುವುದಕ್ಕೆ ಎಲ್ಲ ಹೆಂಚೂ ಒಂದೇ. ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವ ತೋಡು, ಅಂಚು ಒಂದೊಂದು ಅಚ್ಚಿನಲ್ಲಿ ಒಂದೊಂದು ರೀತಿ. ಬೇರೆ ಕಾರ್ಖಾನೆಯ ಹೆಂಚನ್ನು ನಡುವೆ ತುರುಕಿದರೆ ಅದು ಎದ್ದು ನಿಲ್ಲುತ್ತದೆ, ಗಾಳಿಮಳೆಯ ಎರಚಲು ಆ ಸಂದಿಯಲ್ಲೇ ಒಳಗೆ ಬರುತ್ತದೆ. ಈಗ ಹಳೇ ಕಾರ್ಖಾನೆಗಳಲ್ಲಿ ಬಹಳಷ್ಟು ಮುಚ್ಚಿವೆ. ಆದ್ದರಿಂದ ಸುತ್ತಮುತ್ತ ಯಾರಾದರೂ ಹಳೇ ಮನೆ ಕೀಳುತ್ತಿದ್ದರೆ ಹೋಗಿ ನೋಡು, ಅದೇ ಹೆಸರಿನದ್ದು ಸಿಕ್ಕರೆ ನೂರಿನ್ನೂರು ತಂದು ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿಡು. ಮಂಗಗಳು ಒಂದು ಸಲ ಮಾಡಿನ ಮೇಲೆ ಕುಣಿದು ಹೋದರೆ ಅದರ ಬೆಲೆ ಗೊತ್ತಾಗುತ್ತದೆ.

ಹೆಂಚು ಕೈಯಾಡಿಸುವ ಕೆಲಸ ನೀನೇ ಮಾಡಬೇಕೆಂಬ ಹಟ ಬೇಡ. ಊರಿನಲ್ಲಿ ಅದರಲ್ಲೇ ಕೈ ಪಳಗಿದವರು ಇದ್ದಾರೆ. ಮೇ ತಿಂಗಳಲ್ಲಿ ಅವರನ್ನು ಹಿಡಿಯುವುದು ಕಷ್ಟ, ಯುಗಾದಿ ಹೊತ್ತಿಗೇ ಹೇಳಿಟ್ಟಿರು. ಒಂದೆರಡು ಹೆಂಚು ಮಾತ್ರ ಬದಲಿಸುವುದಿದ್ದರೆ ಒಳಗಿನಿಂದಲೇ, ಅಟ್ಟದಲ್ಲಿ ನಿಂತು ಮೇಲಿನ ಸಾಲನ್ನು ಸ್ವಲ್ಪ ಎತ್ತಿ ಕೂರಿಸಬಹುದು. ಹೊರಗೆ ಏಣಿ ಇಡುವುದಾದರೆ ಲೆಕ್ಕ ಇದು: ಏಣಿ ನಾಲ್ಕಡಿ ಎತ್ತರ ಹೋದರೆ ಬುಡ ಗೋಡೆಯಿಂದ ಒಂದಡಿ ದೂರ. ಹನ್ನೆರಡಡಿಗೆ ಮೂರಡಿ. ಕೆಳಗೆ ಒಬ್ಬರು ಹಿಡಿದುಕೊಂಡೇ ಇರಬೇಕು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನ ಹತ್ತಿರ ಅಲ್ಯೂಮಿನಿಯಂ ಏಣಿ ಒಯ್ಯಲೇಬೇಡ. ಲೈನಿಗೆ ತಾಗುವ ಕೊಂಬೆ ಕಡಿಯುವುದೂ ನಿನ್ನ ಕೆಲಸವಲ್ಲ, 1912ಕ್ಕೆ ಫೋನು ಮಾಡಿ ಲೈನ್‌ಮನ್ನಿಗೆ ಹೇಳು, ಲೈನು ಆಫ್ ಮಾಡಿ ಅವರೇ ಕಡಿಯಲಿ.

ಮಾಡಿನಿಂದ ಇಳಿದ ನೀರು ದಂಬೆಗೆ ಬೀಳುತ್ತದೆ. ಹಿಂದೆ ಅಡಿಕೆ ಮರ ಸೀಳಿ ತಿರುಳು ತೆಗೆದು ಕಟ್ಟುತ್ತಿದ್ದರು, ಈಗ ಪಿವಿಸಿ ಪೈಪು ಸೀಳಿ ಕಟ್ಟುತ್ತಾರೆ. ಯಾವುದೇ ಇರಲಿ, ಹತ್ತಡಿಗೆ ಅರ್ಧ ಇಂಚಾದರೂ ಇಳಿಜಾರು ಬೇಕು. ಒಂದು ಬಿಂದಿಗೆ ನೀರು ಹೊಯ್ದು ನೋಡು, ನಡುವೆ ಎಲ್ಲಾದರೂ ನಿಂತರೆ ಅಲ್ಲಿನ ಕೊಕ್ಕೆ ಜಗ್ಗಿದೆ ಅಂತ ಅರ್ಥ. ಎರಡು ಮಾಡು ಕೂಡುವ ಒಳಮೂಲೆಯಲ್ಲಿ ತಗಡು ಕೂರಿಸಿರುತ್ತಾರಲ್ಲ, ಮನೆಯ ಅತಿ ದೊಡ್ಡ ಸೋರಿಕೆ ಸಾಮಾನ್ಯವಾಗಿ ಅಲ್ಲೇ. ತರಗೆಲೆ ಕಟ್ಟಿಕೊಂಡು ನೀರು ಉಕ್ಕಿ ಒಳಗಿಳಿಯುತ್ತದೆ. ತಗಡಿಗೆ ತುಕ್ಕು ತೂತು ಬಿದ್ದಿದ್ದರೆ ಟಾರು ಬಳಿದು ಮುಂದೂಡಬೇಡ, ಬದಲಿಸು.

ಇನ್ನು ಗೋಡೆ. ಮಣ್ಣಿನ ಗೋಡೆಗೋ ಜಂಬಿಟ್ಟಿಗೆ ಗೋಡೆಗೋ ಗಟ್ಟಿಯಾಗಲಿ ಅಂತ ಸಿಮೆಂಟ್ ಬಳಿಸುವ ಆಸೆ ಎಲ್ಲರಿಗೂ. ಬೇಡ. ನೆಲದಿಂದ ಏರುವ ತೇವ ಸುಣ್ಣದ ಗಾರೆಯ ಮೂಲಕ ಹೊರಗೆ ಹೋಗಿ ಆರುತ್ತದೆ. ಸಿಮೆಂಟ್ ಅದಕ್ಕೆ ದಾರಿ ಬಿಡುವುದಿಲ್ಲ. ತೇವ ಒಳಗೇ ಉಳಿದು, ಕೆಲವು ಮಳೆಗಾಲ ಕಳೆಯುವುದರೊಳಗೆ ಗಾರೆ ಹಪ್ಪಳದಂತೆ ಎದ್ದು ಬರುತ್ತದೆ. ಹಳೇ ಗೋಡೆಗೆ ಸುಣ್ಣವೇ ಸರಿ. ಸುಣ್ಣದ ಕಲ್ಲನ್ನು ನೀರಿಗೆ ಹಾಕುವಾಗ ಕೊತಕೊತ ಕುದಿಯುತ್ತದೆ, ಮುಖ ಹತ್ತಿರ ಒಯ್ಯಬೇಡ, ಮಕ್ಕಳನ್ನು ದೂರ ಇಡು. ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ, ಅಂಟಿಗೆ ಸ್ವಲ್ಪ ಅನ್ನದ ಗಂಜಿ ಸೇರಿಸಿ ತೆಳ್ಳಗೆ ಎರಡು ಮೂರು ಸಲ ಬಳಿ. ಎರಚಲು ಹೊಡೆಯುವ ಪಡುವಣ ಗೋಡೆಗೆ ಮಾತ್ರ ಸುಣ್ಣ ಸಾಲದು, ಅಲ್ಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸು. ನೋಡುವುದಕ್ಕೆ ಅಂದವಿಲ್ಲ ಅಂತ ನಿನ್ನ ಗೆಳತಿಯರು ಅನ್ನಬಹುದು, ಮಳೆಗಾಲ ಮುಗಿದ ಮೇಲೆ ಕಿತ್ತರೆ ಒಣ ಗೋಡೆ ಕಾಣುತ್ತದಲ್ಲ, ಅದೇ ಅಂದ.

ಗೋಡೆ ನೋಡುವಾಗ ಮೂಲೆಗಳಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಮೇಲಕ್ಕೆ ಹತ್ತಿದೆಯೇ ಅಂತ ಗಮನಿಸು. ಅದು ಗೆದ್ದಲಿನ ದಾರಿ. ಒರೆಸಿ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡ, ಗೂಡು ನೆಲದಲ್ಲಿ ಇರುತ್ತದೆ, ಮತ್ತೆ ಕಟ್ಟುತ್ತದೆ. ಅದಕ್ಕೆ ಊಟ ಒದಗಿಸುವವರು ನಾವೇ. ಸೌದೆಯನ್ನು ಗೋಡೆಗೆ ಒರಗಿಸಿ ಒಟ್ಟಿದರೆ ಗೆದ್ದಲಿಗೆ ಅಟ್ಟಕ್ಕೇ ಮೆಟ್ಟಿಲು ಇಟ್ಟ ಹಾಗೆ. ಗೋಡೆಯಿಂದ ಎರಡಡಿ ಬಿಟ್ಟು, ಕಲ್ಲಿನ ಮೇಲೆ ಅಡ್ಡ ತುಂಡು ಇಟ್ಟು, ಅದರ ಮೇಲೆ ಒಟ್ಟು. ಪಕಾಸು, ರೀಪಿಗೆ ಗೇರೆಣ್ಣೆ ಬಳಿಸಿದರೆ ಹುಳು ಮುಟ್ಟುವುದಿಲ್ಲ, ಆದರೆ ಅದು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಕೈಗವಸು ಇಲ್ಲದೆ ಡಬ್ಬಿ ಮುಚ್ಚಳ ತೆಗೆಯಬೇಡ.

ಅಂಗಳಕ್ಕೆ ಬಾ. ಮನೆಯಿಂದ ಹೊರಗಡೆಗೆ ಇಳಿಜಾರು ಇದೆಯೇ ಅಂತ ಮೊದಲು ನೋಡು. ವರ್ಷವರ್ಷವೂ ಗುಡಿಸಿ, ಮಣ್ಣು ಹಾಕಿ ಹೊರ ಅಂಚು ಎತ್ತರವಾಗಿ, ನೀರು ಪಂಚಾಂಗದ ಕಡೆಗೇ ತಿರುಗುವುದುಂಟು. ಗುದ್ದಲಿಯಲ್ಲಿ ಒಂದು ಪದರ ಕೆರೆದರೆ ಸರಿಯಾಗುತ್ತದೆ, ಗೋಡೆಯ ತೇವಕ್ಕೆ ಅಂತ ಸಾವಿರಾರು ರೂಪಾಯಿಯ ಕೆಮಿಕಲ್ ಹೊಡೆಸಬೇಕಾಗಿಲ್ಲ. ಓಡಾಡುವ ಜಾಗದಲ್ಲಿ ಅಡಿಕೆ ದಬ್ಬೆಯನ್ನೋ ಸೋಗೆಯನ್ನೋ ಹಾಸು. ಕಲ್ಲುಹಾಸಿನ ಪಾಚಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದರೆ ಹೋಗುತ್ತದೆ. ಆ ಪೌಡರಿಗೆ ಬಚ್ಚಲು ತೊಳೆಯುವ ಆಸಿಡ್ ಸೇರಿಸಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ, ಎರಡನ್ನೂ ಒಂದೇ ಕಪಾಟಿನಲ್ಲಿ ಕೂಡ ಇಡಬೇಡ.

ಈಗ ಹೇಳುವುದನ್ನು ಗಮನವಿಟ್ಟು ಕೇಳು. ನಿಮ್ಮದು ಗುಡ್ಡ ತರಿದು ಮಟ್ಟ ಮಾಡಿದ ಜಾಗ, ಹಿಂದೆ ಧರೆ ನಿಂತಿದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜಾರಿ ಏನಾಯಿತೆಂದು ನೀನೂ ನೋಡಿದ್ದೀ. ಧರೆಯ ತಲೆಯ ಮೇಲಿಂದ ಬರುವ ನೀರು ಅದರ ಮೈಯೊಳಗೆ ಇಂಗಬಾರದು. ಮೇಲ್ಗಡೆ ಅಡ್ಡಲಾಗಿ ಒಂದು ಕಾಲುವೆ ತೆಗೆಸಿ, ನೀರನ್ನು ಪಕ್ಕಕ್ಕೆ ಹಾಯಿಸು. ಆ ಕಾಲುವೆ ತರಗೆಲೆಯಿಂದ ಕಟ್ಟಿಕೊಂಡರೆ ಇಲ್ಲದ್ದಕ್ಕಿಂತ ಕಡೆ, ಅಲ್ಲೇ ನಿಂತು ಇಂಗುತ್ತದೆ, ಹಾಗಾಗಿ ಮಳೆ ಹೊಳವಾದಾಗಲೆಲ್ಲ ಹೋಗಿ ಎಲೆ ಬಾಚು. ಧರೆಯ ಮೇಲೆ ಲಾವಂಚ ನೆಡಿಸು, ಅದರ ಬೇರು ನೇರ ಕೆಳಗೆ ಇಳಿದು ಮಣ್ಣು ಹಿಡಿಯುತ್ತದೆ. ಜೆಸಿಬಿ ತರಿಸಿ ಹಿತ್ತಿಲು ಇನ್ನಷ್ಟು ಅಗಲ ಮಾಡುವ ಯೋಚನೆಯಿದ್ದರೆ ಈಗಲೇ ಬಿಡು. ಧರೆಯ ನೆತ್ತಿಯಲ್ಲಿ ಹೊಸ ಬಿರುಕು ಕಂಡರೆ, ಮರ ವಾಲಿದರೆ, ಬುಡದಲ್ಲಿ ಇದ್ದಕ್ಕಿದ್ದಂತೆ ಕೆಸರು ನೀರು ಒಸರಿದರೆ, ಆ ಹೊತ್ತಿಗೆ ರಿಪೇರಿಯ ಮಾತಿಲ್ಲ. ಮನೆ ಬಿಟ್ಟು ನಮ್ಮಲ್ಲಿಗೆ ಬಾ. ಹಾಲು ಉಕ್ಕಿದರೂ ಉಕ್ಕಲಿ.

ಕರೆಂಟಿನದ್ದು ಸಣ್ಣ ಮಾತು. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ನೋಡು, 30 ಮಿಲಿಆಂಪಿಯರ್‌ನದ್ದು. ಇಲ್ಲದಿದ್ದರೆ ಈ ವರ್ಷದ ಮೊದಲ ಖರ್ಚು ಅದೇ ಆಗಲಿ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತು, ಟಕ್ಕೆಂದು ಬೀಳಬೇಕು. ಗುಡುಗು ಶುರುವಾಗುವ ಮೊದಲೇ ಟಿವಿ, ವೈಫೈಗಳ ಪ್ಲಗ್ ಕಿತ್ತಿಡು, ಸ್ವಿಚ್ ಆಫ್ ಮಾಡಿದರೆ ಸಾಲದು. ನಲ್ಲಿ ತೊಟ್ಟಿಕ್ಕಿದರೆ ಪ್ಲಂಬರ್ ಬೇಡ, ಗೇಟ್‌ವಾಲ್ ಮುಚ್ಚಿ, ಪಾನಾದಲ್ಲಿ ತಲೆ ಬಿಚ್ಚಿ ವಾಷರ್ ಬದಲಿಸು. ದಣಪೆ, ಬೇಲಿಯ ಗೂಟ ಹಾಳಾಗಿದ್ದಲ್ಲಿ ಮೊದಲ ಮಳೆಗೆ ಗೊಬ್ಬರಗಿಡದ ಕಡ್ಡಿ ಊರು, ಚಿಗುರಿ ಜೀವದ ಬೇಲಿಯಾಗುತ್ತದೆ, ಸೊಪ್ಪೂ ಸಿಗುತ್ತದೆ.

ಎಲ್ಲವೂ ಒಂದೇ ವರ್ಷದಲ್ಲಿ ಆಗುವುದಿಲ್ಲ. ದುಡ್ಡು ಕಡಿಮೆ ಬಿದ್ದರೆ ಮಾಡು ಮೊದಲು, ಆಮೇಲೆ ಚರಂಡಿ, ಆಮೇಲೆ ಗೋಡೆ, ಬಣ್ಣ ಎಲ್ಲಕ್ಕೂ ಕೊನೆಗೆ. ಜನ ಇದನ್ನು ತಿರುಗಾಮುರುಗಾ ಮಾಡಿ ಪ್ರತಿ ವರ್ಷ ಬಣ್ಣದ ದುಡ್ಡು ನೀರಿಗೆ ಹಾಕುತ್ತಾರೆ. ಒಂದು ನೋಟ್‌ಬುಕ್ ಇಟ್ಟುಕೋ. ಯಾವ ವರ್ಷ ಯಾವ ಮೂಲೆ ರಿಪೇರಿಯಾಯಿತು, ಯಾರು ಮಾಡಿದರು, ಎಷ್ಟು ಕೊಟ್ಟೆ, ಹೆಂಚಿನ ಬೆನ್ನಿನಲ್ಲಿ ಯಾವ ಹೆಸರಿತ್ತು, ಪೈಪು ನೆಲದೊಳಗೆ ಎಲ್ಲಿ ಹಾಯುತ್ತದೆ, ಎಲ್ಲ ಬರೆದಿಡು.

ಮೊದಲ ದೊಡ್ಡ ಮಳೆ ಹಿಡಿದ ದಿನ ಕಿಟಕಿ ಹಾಕಿಕೊಂಡು ಬಿಸಿ ಬಿಸಿ ಕಾಫಿ ಕುಡಿಯುತ್ತಾ ಕೂರಬೇಡ. ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬಾ. ದಂಬೆ ಎಲ್ಲಿ ಉಕ್ಕುತ್ತಿದೆ, ಅಂಗಳದಲ್ಲಿ ಎಲ್ಲಿ ನಿಂತಿದೆ, ಚರಂಡಿ ಎಲ್ಲಿ ಕಟ್ಟಿಕೊಂಡಿದೆ ಎಂದು ಆ ಹತ್ತು ನಿಮಿಷದಲ್ಲಿ ಕಾಣುವಷ್ಟು ಬೇಸಗೆಯಲ್ಲಿ ಯಾವ ಮೇಸ್ತ್ರಿ ಬಂದರೂ ಕಾಣುವುದಿಲ್ಲ. ಆಮೇಲೂ ಗೊತ್ತಾಗದಿದ್ದರೆ ನನಗೆ ಫೋನು ಮಾಡು. ಆದರೆ ಅಟ್ಟ ಹತ್ತಿ ನೋಡಿದ ಮೇಲೆ ಮಾಡು. ನೀರು ಎಲ್ಲಿಂದ ಬರುತ್ತಿದೆ ಅಂತ ನಾನು ಮೊದಲು ಕೇಳುತ್ತೇನೆ, ಗೊತ್ತಿಲ್ಲ ಅಂದರೆ ಬೈಸಿಕೊಳ್ಳುತ್ತೀ.