ಮಾವನ ವ್ಯಾನಿಗೆ ಎಷ್ಟು ಸ್ಪೀಡ್ ಸರಿ?

ರಜೆಗೆ ಊರಿಗೆ ಹೋದಾಗ ಡೆಲಿವರಿ ವ್ಯಾನ್ ಓಡಿಸೋ ನಮ್ಮ ಮಾವ ಕೇಳಿದ್ರು: "ಇಂಜಿನಿಯರಿಂಗ್ ಓದ್ತೀಯಲ್ಲ, ಬೆಂಗಳೂರು–ಹುಬ್ಬಳ್ಳಿ ಹೈವೇಲಿ ಎಷ್ಟು ಸ್ಪೀಡಲ್ಲಿ ಹೋದ್ರೆ ಡೀಸೆಲ್ ಉಳಿಯುತ್ತೆ?" ತಕ್ಷಣ ಹೇಳೋಕೆ ಆಗಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ.

ಸಮತಟ್ಟು ರಸ್ತೆಯಲ್ಲಿ ವ್ಯಾನನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಟೈರಿನ ತಡೆ ವೇಗ ಹೆಚ್ಚಾದರೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವ್ಯಾನಿನ ತೂಕ 2,500 ಕೆಜಿ, ಟೈರಿನ ಗುಣಾಂಕ 0.01, ಡ್ರ್ಯಾಗ್ ಗುಣಾಂಕ 0.4, ಮುಂಭಾಗದ ವಿಸ್ತೀರ್ಣ 4 ಚದರ ಮೀಟರ್ ಅಂತ ಇಟ್ಟುಕೊಳ್ಳೋಣ. ದೂರ 400 ಕಿ.ಮೀ.

60 ಕಿ.ಮೀ. ವೇಗ: ಒಟ್ಟು ತಡೆ 510 ನ್ಯೂಟನ್, 6 ಗಂಟೆ 40 ನಿಮಿಷ.
70: 610 ನ್ಯೂಟನ್, 5 ಗಂಟೆ 43 ನಿಮಿಷ.
80: 720 ನ್ಯೂಟನ್, 5 ಗಂಟೆ.

ಮೊದಲ ಹತ್ತು ಕಿ.ಮೀ. ವೇಗ ಏರಿಸಿದರೆ 57 ನಿಮಿಷ ಉಳಿಯುತ್ತೆ, ಮುಂದಿನ ಹತ್ತಕ್ಕೆ ಬರೀ 43. ಆದರೆ ತಡೆ ಇನ್ನೂ ಜಾಸ್ತಿ ಏರುತ್ತೆ. ಹಾಗಂತ 40ರಲ್ಲಿ ತೆವಳಿದರೂ ಲಾಭವಿಲ್ಲ. ಕೆಳಗಿನ ಗೇರಲ್ಲಿ ಇಂಜಿನ್ ತನ್ನದೇ ಘರ್ಷಣೆಗೆ ಪ್ರತಿ ಕಿಲೋಮೀಟರಿಗೂ ಹೆಚ್ಚು ಡೀಸೆಲ್ ತಿನ್ನುತ್ತೆ. ಟಾಪ್ ಗೇರಲ್ಲಿ ಒದ್ದಾಡದೆ ಎಳೆಯುವ 60–70ರ ಒಂದೇ ಸಮನಾದ ವೇಗ ಒಳ್ಳೇದು. ತುಂಬಿದ ಲಾರಿಯಲ್ಲಿ ಟೈರಿನ ಪಾಲು ದೊಡ್ಡದು, ಅದಕ್ಕೆ ಅಲ್ಲಿ ಗಾಳಿ ಜೊತೆಗೆ ಟೈರಿನ ಪ್ರೆಷರ್ ಕೂಡ ನೋಡಬೇಕು.

ಮಾವ ಕೇಳಿ ನಕ್ಕರು. "ಸರಿ ಕಣೋ, ಲೇಟಾದ್ರೆ ಓನರ್ ಹತ್ರ ಬೈಸ್ಕೊಳ್ಳೋದು ಯಾರು?"

ಅದಕ್ಕೂ ಲೆಕ್ಕ ಇದೆ. ಮುಕ್ಕಾಲು ಗಂಟೆ ಮುಂಚೆ ಲೋಡ್ ಮಾಡಿಕೊಟ್ರೆ 80ರ ಬದಲು 70ರಲ್ಲಿ ಹೋಗಿಯೂ ಅದೇ ಟೈಮಿಗೆ ತಲುಪಬಹುದು. ಎಳೆಯೋ ಕೆಲಸ ಶೇ. 15ರಷ್ಟು ಕಮ್ಮಿ. ಈ ಚೀಟಿ ಓನರ್‌ಗೂ ತೋರಿಸಿ ಅಂದಿದೀನಿ.