777 ಒತ್ತುವ ಮುನ್ನ

ಕೊಯಮತ್ತೂರಿನ ಗಣಪತಿಯಿಂದ ಸತ್ತಿ ರಸ್ತೆ ಹಿಡಿದರೆ ಸರವಣಂಪಟ್ಟಿಯ ಐಟಿ ಕಚೇರಿಗಳು ದೂರವೇನಲ್ಲ. ಈ ಭಾಗದ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಕನ್ನಡ ಆಡುತ್ತಾ ಬೆಳೆದು, ಈಗ ಲಿನಕ್ಸ್ ಸರ್ವರಿನ ಕೆಲಸಕ್ಕೆ ಕೂತಿರುವ ತಮ್ಮ ತಂಗಿಯರಿಗೆ ಒಂದು ಮಾತು: 'ಪರ್ಮಿಷನ್ ಡಿನೈಡ್' ಎಂದು ಬಂದ ಕೂಡಲೇ 'ಚ್‌ಮಾಡ್ 777' ಹೊಡೆಯಬೇಡಿ.

ಮೊದಲು 'ಎಲ್‌ಎಸ್ -ಎಲ್' ಕೊಟ್ಟು ನೋಡಿ. ಸಾಲಿನ ಮೊದಲ ಅಕ್ಷರ ಬಿಟ್ಟರೆ ಮುಂದಿನ ಒಂಬತ್ತು, ಮೂರು ಮೂರಾಗಿ, ಒಡೆಯನ, ಗುಂಪಿನ, ಉಳಿದವರ ಹಕ್ಕು ಹೇಳುತ್ತವೆ. ಓದಲು 4, ಬರೆಯಲು 2, ನಡೆಸಲು 1. ಮೂರೂ ಕೂಡಿದರೆ 7, ಅಂದರೆ 777 ಎಲ್ಲರಿಗೂ ಎಲ್ಲ ಹಕ್ಕು ಕೊಡುತ್ತದೆ. ಸಂಬಳದ ಪಟ್ಟಿಯಂಥ ಫೈಲಿಗೆ 640 ಸಾಕು: ಒಡೆಯ ತಿದ್ದುತ್ತಾನೆ, ಗುಂಪು ಓದುತ್ತದೆ, ಬೇರೆಯವರಿಗೆ ಏನೂ ಇಲ್ಲ. ಎಸ್‌ಎಸ್‌ಎಚ್‌ನ ಖಾಸಗಿ ಕೀಗೆ 600 ಇರಲಿ. ಹಕ್ಕು ಸಡಿಲವಾಗಿದ್ದರೆ ಎಸ್‌ಎಸ್‌ಎಚ್ ಆ ಕೀಯನ್ನು ಮುಟ್ಟುವುದೇ ಇಲ್ಲ. ಅದು ಒಳ್ಳೆಯ ಕಟ್ಟುನಿಟ್ಟು.

ಬಹಳ ಜನ ಎಡವುವುದು ಫೋಲ್ಡರಿನಲ್ಲಿ. ಫೈಲಿಗೆ 444 ಹಾಕಿ ಭದ್ರವಾಯಿತು ಎಂದುಕೊಳ್ಳುತ್ತಾರೆ. ಆದರೆ ಅಳಿಸುವ ಹಕ್ಕು ಫೈಲಿನದಲ್ಲ, ಅದು ಇರುವ ಫೋಲ್ಡರಿನದು. ಫೋಲ್ಡರಿಗೆ ಬರೆಯುವ ಮತ್ತು ಒಳಹೋಗುವ ಹಕ್ಕಿದ್ದವರು ಆ ಫೈಲನ್ನು 'ಆರ್‌ಎಂ'ನಿಂದ ತೆಗೆದೇಬಿಡಬಹುದು, ಅದು ಕಸದ ಬುಟ್ಟಿಗೂ ಹೋಗುವುದಿಲ್ಲ. ಎಲ್ಲರೂ ಬರೆಯುವ 'ಟೆಂಪ್' ಫೋಲ್ಡರಿಗೆ 1777 ಇರುವುದು ಇದಕ್ಕೇ. ಮೊದಲಿಗಿರುವ ಆ 1 ಸ್ಟಿಕಿ ಬಿಟ್. ಅದಿದ್ದರೆ ಫೈಲಿನ ಒಡೆಯ, ಫೋಲ್ಡರಿನ ಒಡೆಯ, ರೂಟ್ ಬಿಟ್ಟು ಬೇರೆ ಯಾರೂ ಅಳಿಸಲಾರರು. ತಂಡದವರೆಲ್ಲ ಬಳಸುವ ಫೋಲ್ಡರಿಗೆ ಈ ಸ್ಟಿಕಿ ಬಿಟ್ ಅನ್ನು ಇಂದೇ ಹಾಕಿ.