ಮಾರಿಟೇನಿಯಾ ಹಡಗಿನ ಜಮಾ-ಖರ್ಚು

ಹಡಗಿನ ಕಥೆ ಅಂದಕೂಡಲೆ ಎಲ್ಲರೂ ಟೈಟಾನಿಕ್ ಅನ್ನುತ್ತಾರೆ. ಮುಳುಗಿದ್ದಕ್ಕೇ ಹೆಸರು ಜಾಸ್ತಿ! ನಾನು ಆರಿಸಿಕೊಂಡದ್ದು ಮುಳುಗದೆ 27 ವರ್ಷ ದುಡಿದ ಮಾರಿಟೇನಿಯಾವನ್ನು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಅದರ ವೇಗಕ್ಕಿಂತ, ಆ ವೇಗದ ಖರ್ಚನ್ನು ಹೊತ್ತವರು ಯಾರು ಎಂಬುದೇ ಕುತೂಹಲ.

1902ರಲ್ಲಿ ಅಮೆರಿಕದ ಜೆ. ಪಿ. ಮಾರ್ಗನ್ನನ ಕೂಟ ಬ್ರಿಟನ್ನಿನ ವೈಟ್ ಸ್ಟಾರ್ ಕಂಪನಿಯನ್ನು ಕೊಂಡಿತು. ಕ್ಯುನಾರ್ಡ್ ಕಂಪನಿಯೂ ಕೈತಪ್ಪೀತೆಂದು ಬ್ರಿಟಿಷ್ ಸರಕಾರ ಹೆದರಿತು. 1903ರ ಒಪ್ಪಂದದಂತೆ ಲುಸಿಟೇನಿಯಾ, ಮಾರಿಟೇನಿಯಾ ಎಂಬ ಎರಡು ಹಡಗು ಕಟ್ಟಲು ಶೇಕಡಾ 2.75 ಬಡ್ಡಿಗೆ 26 ಲಕ್ಷ ಪೌಂಡು ಸಾಲ ಕೊಟ್ಟಿತು. ಮೇಲೆ ವರ್ಷಕ್ಕೆ 1,50,000 ಪೌಂಡು ಸಹಾಯಧನ. ಲೆಕ್ಕ ಹಾಕಿ ನೋಡಿ: ಮೊದಲ ವರ್ಷದ ಬಡ್ಡಿ 71,500 ಪೌಂಡು. ಸಹಾಯಧನ ಅದರ ಎರಡು ಪಟ್ಟಿಗೂ ಹೆಚ್ಚು! ಇದೆಂಥ ಸಾಲವಪ್ಪಾ ಎಂದು ನಾನು ಮೊದಲು ನಕ್ಕೆ. ಆದರೆ ಷರತ್ತುಗಳಿದ್ದವು: ಕಂಪನಿ ಬ್ರಿಟಿಷರದ್ದೇ ಆಗಿರಬೇಕು, ಯುದ್ಧ ಬಂದರೆ ಹಡಗು ಸರಕಾರಕ್ಕೆ, ವೇಗ 24-25 ನಾಟ್ ಇರಬೇಕು.

ಆ ಕೊನೆಯ ನಾಟ್‌ಗಳೇ ದುಬಾರಿ. ಹಡಗಿಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. ವೇಗ 20ರಿಂದ 25 ನಾಟ್ ಆದರೆ ಪ್ರಯಾಣದ ಹೊತ್ತು ಐದರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಶಕ್ತಿ ಸುಮಾರು ಎರಡು ಪಟ್ಟು ಬೇಕು. ಬರೀ ಟಿಕೆಟಿನ ದುಡ್ಡಲ್ಲಿ ಇದು ಗಿಟ್ಟೋದಿಲ್ಲ. ದಿನಕ್ಕೆ ಸುಮಾರು 1000 ಟನ್ ಕಲ್ಲಿದ್ದಲು, 25 ಬಾಯ್ಲರು, 192 ಒಲೆ. ಮೇಲೆ ಮೊದಲ ದರ್ಜೆಯಲ್ಲಿ ಮರದ ಕೆತ್ತನೆಯ ಹಾಲು, ತಳದಲ್ಲಿ ಸಲಿಕೆ ಹಿಡಿದು ಪಾಳಿಯ ಮೇಲೆ ಪಾಳಿ ಬೆಂಕಿಯ ಮುಂದೆ ಬೇಯುವ ಜನ. ದಾಖಲೆ ಪುಸ್ತಕದಲ್ಲಿ ಹಡಗಿನ ಹೆಸರಿದೆ, ಅವರದ್ದಿಲ್ಲ.

1909ರಲ್ಲಿ ಪಶ್ಚಿಮಕ್ಕೆ 26.06 ನಾಟ್ ವೇಗದಲ್ಲಿ ಅಟ್ಲಾಂಟಿಕ್ ದಾಟಿ ಮಾಡಿದ ದಾಖಲೆ 1929ರವರೆಗೂ ನಿಂತಿತು. ನಡುವೆ ಮಹಾಯುದ್ಧದಲ್ಲಿ ಸೈನಿಕರನ್ನು, ಗಾಯಾಳುಗಳನ್ನು ಹೊತ್ತಿತು. ಜೊತೆಯ ಲುಸಿಟೇನಿಯಾ 1915ರಲ್ಲಿ ಜರ್ಮನ್ ಟಾರ್ಪೆಡೋಗೆ ಬಲಿಯಾಯ್ತು. 1921ರ ಬೆಂಕಿ ಅನಾಹುತದ ನಂತರ ರಿಪೇರಿಯ ಜೊತೆಗೇ ಕಲ್ಲಿದ್ದಲು ಹೋಗಿ ಎಣ್ಣೆ ಬಂತು. ಸಲಿಕೆಯ ಕಷ್ಟ ತಪ್ಪಿತು, ಸಲಿಕೆಯ ಕೂಲಿಯೂ ತಪ್ಪಿತು. 1929ರಲ್ಲಿ ಜರ್ಮನಿಯ ಬ್ರೆಮೆನ್ ದಾಖಲೆ ಕಸಿದಾಗ ಈ ಮುದುಕಿ ತನ್ನ ಹಳೆಯ ವೇಗವನ್ನೇ ಮೀರಿ ಓಡಿದಳು, ಆದರೂ ಸೋತಳು.

ಆಮೇಲೆ ಬಿಳಿ ಬಣ್ಣ ಬಳಿದು ವಿಹಾರಯಾತ್ರೆಗೆ ಹಾಕಿದರು. 1934ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನಿಂದ ಕೊನೆಯ ಸಲ ಹೊರಟಳು. ಅದೇ ದಿನ ಸ್ಕಾಟ್ಲೆಂಡಿನಲ್ಲಿ ಕ್ವೀನ್ ಮೇರಿ ನೀರಿಗಿಳಿಯಿತು. 1935ರಲ್ಲಿ ಒಳಗಿನ ಸಾಮಾನು ಹರಾಜಾಗಿ, ಒಡಲು ರೊಸೈತಿನಲ್ಲಿ ಗುಜರಿಗೆ ಹೋಯಿತು. ಮರದ ಕೆತ್ತನೆಯಲ್ಲಿ ಒಂದಿಷ್ಟು ಬ್ರಿಸ್ಟಲ್ಲಿನ ಒಂದು ಬಾರಿನ ಗೋಡೆ ಸೇರಿತು.